ಮಹಾಲಕ್ಷ್ಮಿಯ ಎರಡನೇ ಸಿಸ್ಟಂ

ಮಹಾಲಕ್ಷ್ಮಿಗೆ ಹನ್ನೊಂದನೇ ವಯಸ್ಸಿನಲ್ಲಿ ಕಣ್ಣು ಹೋಯಿತು. ಮಿದುಳು ಜ್ವರ ಬಂದು ಮೂರು ವಾರ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಾಗ, ಕಿಟಕಿ ಯಾವ ಕಡೆ ಇದೆ ಎಂಬಷ್ಟು ಮಾತ್ರ ಗೊತ್ತಾಗುತ್ತಿತ್ತು. ವರ್ಷ ತುಂಬುವುದರೊಳಗೆ ಅದೂ ಇಲ್ಲವಾಯಿತು. ಅವಳ ತಂದೆ ಪಟ್ಟಾಭಿರಾಮ ಆಗ ಸರ್ಕಾರಿ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಕೆಲಸಕ್ಕಿದ್ದರು. ಮಗಳು ಗೋಡೆಗೊರಗಿ ಸುಮ್ಮನೆ ಕೂತಿರುವುದನ್ನು ನೋಡಲಾರದೆ, ಅವರು ಒಂದು ಸಂಜೆ ಡಬ್ಬಿ ತುಂಬ ನಟ್ಟು ಬೋಲ್ಟು ತಂದು ಚಾಪೆಯ ಮೇಲೆ ಸುರಿದು, ಜೋಡಿ ಹುಡುಕಿ ಹಾಕು ಎಂದರು. ಅವಳು ಎರಡು ದಿನ ಅತ್ತಳು, ಮೂರನೇ ದಿನ ಹುಡುಕತೊಡಗಿದಳು. ತಿಂಗಳಾಗುವಷ್ಟರಲ್ಲಿ ಉಗುರಿನ ತುದಿಯನ್ನು ಬೋಲ್ಟಿನ ತಿರುಪು ಗೆರೆಗಳ ಮೇಲೆ ಆಡಿಸಿ, ಯಾವ ಬೋಲ್ಟು ಯಾವ ನಟ್ಟಿನದು ಎಂದು ಹೇಳುತ್ತಿದ್ದಳು.

ಇಪ್ಪತ್ಮೂರಕ್ಕೆ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ಟೆಲಿಫೋನ್ ಆಪರೇಟರ್ ಕೆಲಸ ಸಿಕ್ಕಿತು. ಹನ್ನೊಂದು ವರ್ಷ ಆ ಬೋರ್ಡಿನ ಮುಂದೆ ಕೂತಳು. ಒಂಬೈನೂರು ಎಕ್ಸ್‌ಟೆನ್ಷನ್ ನಂಬರುಗಳು ಬಾಯಿಪಾಠವಾಗಿದ್ದವು. ಆದರೂ ಅವುಗಳನ್ನು ಕಂಪ್ಯೂಟರಿನಲ್ಲಿ ಒಂದು ಕಡತ ಮಾಡಿ ಇಟ್ಟುಕೊಂಡಿದ್ದಳು. ಪ್ರತಿ ಹೆಸರಿನ ಮುಂದೆ ಒಂದೊಂದು ಸಾಲು: ಇವರಿಗೆ ಊಟದ ಹೊತ್ತಿನಲ್ಲಿ ಕರೆ ಕೊಡಬಾರದು, ಇವರ ಎಡಗಿವಿ ಮಂದ, ಇವರ ಹೆಂಡತಿ ಫೋನ್ ಮಾಡಿದರೆ ಮೀಟಿಂಗಿನಲ್ಲಿದ್ದರೂ ಕೊಡಬೇಕು. ಆಮೇಲೆ ಬೋರ್ಡು ಹೋಗಿ, ಅದರ ಜಾಗದಲ್ಲಿ ಒಂದನ್ನು ಒತ್ತಿ ಎರಡನ್ನು ಒತ್ತಿ ಎನ್ನುವ ಧ್ವನಿ ಬಂತು. ಕಂಪನಿ ಅವಳನ್ನು ಬಿಡಿಸಲಿಲ್ಲ. ಗ್ರಾಹಕರು ಕನ್ನಡದಲ್ಲಿ ಮಾಡಿದ ದೂರಿನ ಕರೆಗಳನ್ನು ಕೇಳಿ ಅಕ್ಷರಕ್ಕಿಳಿಸುವ ಕೆಲಸ ಕೊಟ್ಟಿತು. ವಾರದಲ್ಲಿ ಮೂರು ದಿನ ಸಿಂಗಸಂದ್ರದ ಮನೆಯಿಂದಲೇ, ತನ್ನದೇ ಲ್ಯಾಪ್‌ಟಾಪಿನಲ್ಲಿ ಮಾಡಬಹುದಿತ್ತು. ಲ್ಯಾಪ್‌ಟಾಪಿನಲ್ಲಿ ಪರದೆಯನ್ನು ಓದಿ ಹೇಳುವ ತಂತ್ರಾಂಶವಿತ್ತು. ಅವಳು ಒತ್ತಿದ ಪ್ರತಿ ಕೀಲಿಯನ್ನೂ, ಪರದೆಯ ಮೇಲಿನ ಪ್ರತಿ ಸಾಲನ್ನೂ ಅದು ಕಿವಿಯಲ್ಲಿ ಹೇಳುತ್ತಿತ್ತು. ಐದು ವರ್ಷ ಇದೇ ನಡೆಯಿತು. ಬೇಸರದ ಕೆಲಸ. ಬೇರೆಯವರ ಸಿಟ್ಟನ್ನು ದಿನವಿಡೀ ಟೈಪು ಮಾಡುವುದು.

ಹೊಸೂರು ರಸ್ತೆಯ ಮೇಲೆ ಮೆಟ್ರೊ ಓಡಲು ಶುರುವಾದ ಆಗಸ್ಟ್ ತಿಂಗಳಲ್ಲೇ ಕಂಪನಿಯೊಳಗೆ ಒಂದು ಸುತ್ತೋಲೆ ಬಂತು. ಟೆಸ್ಟಿಂಗ್ ವಿಭಾಗಕ್ಕೆ ಇಬ್ಬರು ಬೇಕು. ಹೊರಗೆ ಹೋಗುವ ಮುನ್ನ ತಂತ್ರಾಂಶಗಳನ್ನು ಪರೀಕ್ಷಿಸುವ ಕೆಲಸ. ಕಣ್ಣು ಕಾಣದವರು, ಕಿವಿ ಕೇಳದವರು ಅದನ್ನು ಬಳಸಬಲ್ಲರೇ ಎಂದು ನೋಡುವುದೂ ಸೇರಿತ್ತು. ಒಳಗಿನವರು ಯಾರು ಬೇಕಾದರೂ ಅರ್ಜಿ ಹಾಕಬಹುದು. ಆದರೆ ಪರೀಕ್ಷೆ ಲಿನಕ್ಸ್ ಮೇಲೆ. ಕಂಪನಿಯ ದೊಡ್ಡ ಯಂತ್ರಗಳೆಲ್ಲ ನಡೆಯುವುದು ಆ ಆಪರೇಟಿಂಗ್ ಸಿಸ್ಟಂನಲ್ಲಿ. ಅಕ್ಟೋಬರ್ ಕೊನೆಗೆ ಪರೀಕ್ಷೆ. ಮಹಾಲಕ್ಷ್ಮಿ ಸುತ್ತೋಲೆಯನ್ನು ಮೂರು ಸಲ ಓದಿಸಿಕೊಂಡಳು. ಅವಳ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ವಿಂಡೋಸ್. ದೂರಿನ ಕರೆಗಳನ್ನು ಟೈಪು ಮಾಡುವ ತಂತ್ರಾಂಶ ವಿಂಡೋಸ್ ಬಿಟ್ಟು ಬೇರೆಯದರಲ್ಲಿ ತೆರೆಯುತ್ತಿರಲಿಲ್ಲ. ಅಂದರೆ ಸಂಬಳದ ಕೆಲಸಕ್ಕೆ ಅದು ಬೇಕು, ಕಲಿಯುವುದಕ್ಕೆ ಇದು ಬೇಕು.

ಕಂಪನಿಯ ಹೆಲ್ಪ್ ಡೆಸ್ಕಿನಲ್ಲಿ ವಿನಾಯಕ್ ಎಂಬಾತನಿದ್ದ. ಒಳ್ಳೆಯವನು, ಅವಳು ಫೋನ್ ಮಾಡಿದರೆ ಎರಡನೇ ರಿಂಗಿಗೆ ಎತ್ತುತ್ತಿದ್ದ. ಅವಳು ಅವನ ಮೇಜಿಗೆ ಹೋಗಿ ವಿಷಯ ಹೇಳಿದಳು. ವಿಂಡೋಸ್ ಒಳಗೇ ಒಂದು ಕಿಟಕಿಯಲ್ಲಿ ಲಿನಕ್ಸ್ ನಡೆಸುವ ಉಪಾಯವನ್ನು ಅವನು ಮೊದಲು ಮಾಡಿ ನೋಡಿದ. ಏಳು ವರ್ಷದ ಹಳೆಯ ಲ್ಯಾಪ್‌ಟಾಪಿಗೆ ಎರಡನ್ನೂ ಒಟ್ಟಿಗೆ ಹೊರುವ ಶಕ್ತಿ ಇರಲಿಲ್ಲ. ಓದುವ ಧ್ವನಿ ತೊದಲಿ ತೊದಲಿ ನಿಂತೇಹೋಯಿತು. ಉಳಿದದ್ದು ಒಂದೇ ದಾರಿ. ಡಿಸ್ಕನ್ನು ಎರಡು ಪಾಲು ಮಾಡಿ, ಒಂದರಲ್ಲಿ ವಿಂಡೋಸ್, ಇನ್ನೊಂದರಲ್ಲಿ ಲಿನಕ್ಸ್ ಹಾಕುವುದು. ಆನ್ ಮಾಡಿದಾಗ ಯಾವುದು ಬೇಕೆಂದು ಒಂದು ಮೆನು ಕೇಳುತ್ತದೆ.

"ತೊಂದರೆ ಇರೋದೇ ಅಲ್ಲಿ ಮೇಡಂ," ಎಂದ ವಿನಾಯಕ್. "ಆ ಮೆನು ಬರೋ ಹೊತ್ತಿಗೆ ಇನ್ನೂ ಯಾವ ಸಿಸ್ಟಮ್ಮೂ ಶುರುವಾಗಿರಲ್ಲ. ನಿಮ್ಮ ಓದೋ ಸಾಫ್ಟ್‌ವೇರೂ ಎದ್ದಿರಲ್ಲ. ಅದು ಮಾತಾಡಲ್ಲ, ನೋಡಿಯೇ ಆರಿಸ್ಬೇಕು."

ಬೇಕಾದರೆ ತಾನೇ ಲಿನಕ್ಸ್ ಹಾಕಿ ಕೊಡುತ್ತೇನೆ, ಆನ್ ಮಾಡುವಾಗ ಮಾತ್ರ ಮನೆಯಲ್ಲಿ ಯಾರನ್ನಾದರೂ ಕರೆದು ಆರಿಸಿಕೊಳ್ಳಿ ಎಂದೂ ಹೇಳಿದ. ಅವಳು, ತನ್ನ ಲ್ಯಾಪ್‌ಟಾಪನ್ನು ಆನ್ ಮಾಡಲು ಇನ್ನೊಬ್ಬರನ್ನು ಕರೆಯಬೇಕಾದರೆ ಅದು ತನ್ನ ಲ್ಯಾಪ್‌ಟಾಪು ಹೇಗಾಗುತ್ತದೆ ಎಂದು ಮೆಲ್ಲಗೆ ಕೇಳಿ, ಪೆನ್ ಡ್ರೈವಿನಲ್ಲಿ ಲಿನಕ್ಸ್ ತುಂಬಿಸಿಕೊಂಡು ಮನೆಗೆ ಬಂದಳು.

ಮೊದಲ ಸಲ ಮಾತ್ರ ತಂದೆಯ ಕಣ್ಣನ್ನು ಎರವಲು ಪಡೆಯಲು ಒಪ್ಪಿದಳು. ಪಟ್ಟಾಭಿರಾಮ ಅವರಿಗೆ ಆಗ ಎಪ್ಪತ್ತೆರಡು. ನಿವೃತ್ತಿಯಾಗಿ ಹನ್ನೆರಡು ವರ್ಷವಾಗಿದ್ದರೂ ಯಂತ್ರ ಎಂದರೆ ಹುರುಪು ಬರುತ್ತಿತ್ತು. ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ, ಕನ್ನಡಕ ಒರೆಸಿಕೊಂಡು ಮಗಳ ಪಕ್ಕ ಕುರ್ಚಿ ಎಳೆದು ಕೂತರು. ಅವರು ಪರದೆ ಓದುವುದು, ಅವಳು ಕೀಲಿ ಒತ್ತುವುದು ಎಂದು ನಿಶ್ಚಯವಾಯಿತು. ನಕ್ಷೆ ಓದಿ ಅಭ್ಯಾಸವಿದ್ದ ಅವರು ಒಂದಕ್ಷರವನ್ನೂ ಬಿಡದೆ, ಅಲ್ಪವಿರಾಮವನ್ನೂ ಬಿಡದೆ ಓದುತ್ತಿದ್ದರು. ಅರ್ಧ ಗಂಟೆಯಲ್ಲಿ ಮಹಾಲಕ್ಷ್ಮಿಗೆ ತಾಳ್ಮೆ ಹೋಯಿತು. ಅವಳ ಕಿವಿ ಮನುಷ್ಯರು ಮಾತಾಡುವುದಕ್ಕಿಂತ ಮೂರು ಪಟ್ಟು ವೇಗದ ಧ್ವನಿಗೆ ಒಗ್ಗಿತ್ತು.

ಮುಖ್ಯವಾದ ಪರದೆ ಬಂತು. ಮೂರು ಆಯ್ಕೆಗಳು. ಮೊದಲನೆಯದು, ವಿಂಡೋಸ್ ಪಕ್ಕದಲ್ಲಿ ಲಿನಕ್ಸ್ ಹಾಕು. ಎರಡನೆಯದು, ಡಿಸ್ಕ್ ಪೂರ್ತಿ ಅಳಿಸಿ ಲಿನಕ್ಸ್ ಹಾಕು. ಮೂರನೆಯದು ಬೇರೇನೋ. ಗುರುತು ಮೊದಲನೆಯದರ ಮೇಲಿದೆ ಎಂದು ತಂದೆ ಹೇಳಿದರು. ಸರಿ, ಮುಂದಕ್ಕೆ ಹೋಗೋಣ ಎಂದು ಅವಳು ಕೀಲಿಗಳನ್ನು ಒತ್ತಿದಳು. ಮುಂದಿನ ಪರದೆಯಲ್ಲಿ ದೊಡ್ಡದೊಂದು ಎಚ್ಚರಿಕೆ ಇತ್ತು. ಪಟ್ಟಾಭಿರಾಮ ಅದನ್ನು ಮೊದಲಿನಿಂದ ಓದತೊಡಗಿದರು. ನೀವು ಮುಂದುವರಿದರೆ ಈ ಕೆಳಗೆ ಹೇಳಿದ ಬದಲಾವಣೆಗಳು... ಅಷ್ಟರಲ್ಲಿ ಅವಳು ಎಂಟರ್ ಒತ್ತಿಯಾಗಿತ್ತು.

ಇಪ್ಪತ್ತು ನಿಮಿಷವಾದ ಮೇಲೆ ಲ್ಯಾಪ್‌ಟಾಪು ತಾನಾಗಿ ಮತ್ತೆ ಶುರುವಾಯಿತು. ಮೆನು ಬರಲಿಲ್ಲ. ವಿಂಡೋಸ್ ಇರಲಿಲ್ಲ. ಡಿಸ್ಕ್ ಪೂರ್ತಿ ಅಳಿಸಿಹೋಗಿತ್ತು.

ಕಂಪನಿಯ ಕೆಲಸವೆಲ್ಲ ಕಂಪನಿಯ ಸರ್ವರಿನಲ್ಲಿ ಕ್ಷೇಮವಾಗಿತ್ತು. ಮುಖ್ಯ ದಾಖಲೆಗಳ ಪ್ರತಿಯನ್ನು ಅವಳು ಬೇರೆ ತೆಗೆದಿಟ್ಟಿದ್ದಳು. ತೆಗೆದಿಡದೆ ಹೋದದ್ದು, ಬೋರ್ಡಿನ ಕಾಲದಿಂದ ಲ್ಯಾಪ್‌ಟಾಪಿಗೂ ತಂದಿಟ್ಟುಕೊಂಡಿದ್ದ ಆ ಒಂಬೈನೂರು ಹೆಸರುಗಳ ಕಡತ. ಅದರಿಂದ ಯಾರಿಗೂ ಏನೂ ಉಪಯೋಗವಿರಲಿಲ್ಲ. ಅರ್ಧಕ್ಕರ್ಧ ಜನ ಕಂಪನಿಯಲ್ಲೇ ಇರಲಿಲ್ಲ. ಆದರೂ ಆ ಮಧ್ಯಾಹ್ನ ಅವಳು ಊಟಕ್ಕೆ ಏಳಲಿಲ್ಲ. ತಂದೆ ಎರಡು ಸಲ ಬಾಗಿಲ ತನಕ ಬಂದು ಹಿಂತಿರುಗಿದ್ದು ಹೆಜ್ಜೆಯ ಸದ್ದಿನಲ್ಲಿ ಅವಳಿಗೆ ಗೊತ್ತಾಯಿತು. ಮೂರನೇ ಸಲ ಒಳಗೆ ಬಂದರು.

"ನನ್ನ ಕಣ್ಣು ಮೊದಲಿನ ಹಾಗಿಲ್ಲ ಕಣಮ್ಮ," ಎಂದರು. "ಗುರುತು ಯಾವುದರ ಮುಂದಿತ್ತೋ ಏನೋ, ಸರಿಯಾಗಿ ನೋಡ್ಲಿಲ್ಲ ಅನ್ಸುತ್ತೆ. ಇನ್ಮೇಲೆ ನನ್ನನ್ನ ಕೂರಿಸ್ಕೋಬೇಡ."

ಅವಳು ಹೂಂ ಎಂದಳು, ಅಷ್ಟೇ. ಅಲ್ಲ ಎಂದು ಹೇಳಬೇಕೆಂದು ಆಗ ಅವಳಿಗೆ ಹೊಳೆಯಲಿಲ್ಲ. ಅವರೇ ತಪ್ಪು ನೋಡಿರಬೇಕು ಎಂದು ಅವಳೂ ನಂಬಿದ್ದಳು.

ಸೋಮವಾರ ರಜೆ ಹಾಕಿ ಲ್ಯಾಪ್‌ಟಾಪನ್ನು ವಿನಾಯಕನ ಮೇಜಿನ ಮೇಲಿಟ್ಟಳು. ಅವನು ವಿಂಡೋಸನ್ನು ಮತ್ತೆ ಹಾಕಿ, ಅವಳು ಕೇಳಿಕೊಂಡಂತೆ ಡಿಸ್ಕಿನ ಕೊನೆಯಲ್ಲಿ ಕಾಲು ಭಾಗ ಜಾಗ ಖಾಲಿ ಬಿಟ್ಟುಕೊಟ್ಟ. ಇಷ್ಟಕ್ಕೇ ನಿಲ್ಲಿಸುವುದು ಒಳ್ಳೆಯದು ಎಂಬ ಮಾತನ್ನೂ ಸೇರಿಸಿದ. ಅವಳ ವಿಭಾಗದಲ್ಲಿ ಯಾರಿಗೂ ಅವಳ ಮೇಲೆ ದೂರಿಲ್ಲ, ಕೈಯಲ್ಲಿರುವ ಕೆಲಸ ಭದ್ರವಾಗಿದೆ, ಸುಮ್ಮನೆ ಯಾಕೆ ತಲೆನೋವು ಎಂದ. ಅವಳು ಅವನಿಗೆ ಥ್ಯಾಂಕ್ಸ್ ಹೇಳಿದಳು. ಬಿಟ್ಟುಬಿಡುತ್ತೇನೆ ಎಂದು ಮಾತ್ರ ಹೇಳಲಿಲ್ಲ.

ಮನೆಯಲ್ಲಿ ಪಟ್ಟಾಭಿರಾಮ ಲ್ಯಾಪ್‌ಟಾಪ್ ಇದ್ದ ಕೋಣೆಗೇ ಬರುವುದನ್ನು ಬಿಟ್ಟಿದ್ದರು. ದಿನಪತ್ರಿಕೆಯನ್ನು ಗಟ್ಟಿಯಾಗಿ ಓದಿ ಅವಳಿಗೆ ಕೇಳಿಸುವುದು ಅವರ ಬೆಳಗಿನ ವಾಡಿಕೆ. ಅದೂ ನಿಂತಿತು. ಕಣ್ಣಿನ ಡಾಕ್ಟರನ್ನು ನೋಡಿಕೊಂಡು ಬಂದರು. ಡಾಕ್ಟರು ಏನೂ ತೊಂದರೆಯಿಲ್ಲ, ಅದೇ ನಂಬರು ಎಂದರಂತೆ. ಆದರೂ ಅವರ ಧ್ವನಿಯಲ್ಲಿ ಏನೋ ಕುಗ್ಗಿತ್ತು.

ಕಣ್ಣು ಕಾಣದವರೇ ಸೇರಿ ಮಾಡಿಕೊಂಡ ಒಂದು ಫೋನ್ ಗುಂಪಿನಲ್ಲಿ ಮಹಾಲಕ್ಷ್ಮಿ ಇದ್ದಳು. ಅಲ್ಲಿ ತನ್ನ ಕಷ್ಟವನ್ನು ಹೇಳಿಕೊಂಡಳು. ಮರುದಿನ ಬೆಳಿಗ್ಗೆ ಸಂಗಮೇಶ್ ಎಂಬವರು ಫೋನ್ ಮಾಡಿದರು. ಬಾಗಲಕೋಟೆ ಕಡೆಯವರು, ಬ್ಯಾಂಕಿನಲ್ಲಿ ಅಧಿಕಾರಿ, ಎಲೆಕ್ಟ್ರಾನಿಕ್ ಸಿಟಿಯ ಎರಡನೇ ಹಂತದ ಅಪಾರ್ಟ್‌ಮೆಂಟಿನಲ್ಲಿ ವಾಸ. ಹುಟ್ಟು ಕುರುಡರು. ಹತ್ತು ವರ್ಷದಿಂದ ಲಿನಕ್ಸನ್ನೇ ಬಳಸುತ್ತಿದ್ದರು. ಅವಳು ಭಾನುವಾರ ನಡೆದದ್ದನ್ನೆಲ್ಲ ಹೇಳಿದಳು. ಅವರು ನಡುವೆ ತಡೆದು, ಮೂರು ಆಯ್ಕೆಗಳ ಪರದೆಯಲ್ಲಿ ಮುಂದಕ್ಕೆ ಹೋಗಲು ಯಾವ ಯಾವ ಕೀಲಿ ಒತ್ತಿದಿರಿ ಎಂದು ಕೇಳಿದರು. ಅವಳು ನೆನಪಿಸಿಕೊಂಡಳು. ಕೆಳಗಿನ ಬಾಣದ ಕೀಲಿ ಒಂದು ಸಲ, ಆಮೇಲೆ ಟ್ಯಾಬ್, ಆಮೇಲೆ ಎಂಟರ್. ಹೊಸ ಪರದೆ ಬಂದಾಗ ಬಾಣವನ್ನು ಒಮ್ಮೆ ಒತ್ತಿ ನೋಡುವುದು ಅವಳ ಹಳೆಯ ಅಭ್ಯಾಸ. ಒತ್ತಿದರೆ ಧ್ವನಿ ಬರುತ್ತದೆ, ಎಲ್ಲಿದ್ದೇನೆ ಎಂದು ತಿಳಿಯುತ್ತದೆ. ಆವತ್ತು ಧ್ವನಿ ಇರಲಿಲ್ಲ.

"ಮತ್ತೇನ್ರೀ, ಗುರುತು ಒಂದರಿಂದ ಎರಡಕ್ಕ ಇಳೀತು," ಎಂದರು ಸಂಗಮೇಶ್. "ನಿಮ್ಮ ತಂದೀಯವ್ರು ಓದಿದ್ದು ಖರೇನ ಐತಿ."

ಫೋನಿಟ್ಟು ಅವಳು ಎದ್ದು ಹಿತ್ತಿಲಿಗೆ ಹೋದಳು. ತಂದೆ ತುಳಸಿ ಕುಂಡಕ್ಕೆ ನೀರು ಹಾಕುತ್ತಿದ್ದರು.

"ಅಪ್ಪ, ನೀವು ಓದಿದ್ದು ಸರಿಯಾಗೇ ಇತ್ತು," ಎಂದಳು. "ಗುರುತು ಮೊದಲನೇದರ ಮೇಲೇ ಇತ್ತು. ಬಾಣದ ಕೀ ಒತ್ತಿ ಅದನ್ನ ಕೆಳಗಿಳಿಸಿದ್ದು ನಾನು. ಆಮೇಲೆ ಎಚ್ಚರಿಕೆ ಓದ್ತಿದ್ರಿ, ಅದನ್ನ ಮುಗಿಸೋಕೂ ಬಿಡ್ಲಿಲ್ಲ. ತಪ್ಪು ನಂದು. ಇಷ್ಟು ದಿನ ನಿಮ್ಮ ಮೇಲೆ ಹಾಕಿ ಕೂತಿದ್ದೆ."

ನೀರಿನ ಸದ್ದು ನಿಂತಿತು. ಪಟ್ಟಾಭಿರಾಮ ಚೊಂಬು ಕೆಳಗಿಟ್ಟು, ಸರಿ, ಈಗೇನು ಮಾಡಬೇಕಂತೆ ಎಂದು ಕೇಳಿದರು. ಆ ಪ್ರಶ್ನೆಯಲ್ಲಿ ಟೂಲ್‌ರೂಮಿನ ಹಳೆಯ ಧ್ವನಿ ಇತ್ತು.

ಮಾಡಬೇಕಾದದ್ದನ್ನು ಸಂಗಮೇಶ್ ಹೇಳಿದ್ದರು. ಲಿನಕ್ಸ್‌ನಲ್ಲಿ ಹಲವು ಬಗೆಗಳಿವೆ. ಡೆಬಿಯನ್ ಎಂಬ ಬಗೆಯಲ್ಲಿ, ಹಾಕಿಕೊಳ್ಳುವ ಕೆಲಸವನ್ನೇ ಪೂರ್ತಿ ಕಿವಿಯಲ್ಲಿ ಕೇಳಿಕೊಂಡು ಮಾಡಬಹುದು. ಪೆನ್ ಡ್ರೈವಿನಿಂದ ಅದು ಎದ್ದ ಕೂಡಲೇ ಎಸ್ ಒತ್ತಿ ಎಂಟರ್ ಒತ್ತಿದರೆ ಮಾತಾಡಲು ಶುರುಮಾಡುತ್ತದೆ. ಕಷ್ಟವಿರುವುದು ಅಲ್ಲಿಯವರೆಗೆ ಹೋಗುವುದರಲ್ಲಿ. ಲ್ಯಾಪ್‌ಟಾಪನ್ನು ಆನ್ ಮಾಡಿದ ಕೂಡಲೇ ಎಫ್ ಹನ್ನೆರಡು ಒತ್ತಬೇಕು. ಯಾವುದರಿಂದ ಏಳಲಿ ಎಂದು ಒಂದು ಪಟ್ಟಿ ಬರುತ್ತದೆ. ಅದೂ ಮಾತಾಡುವುದಿಲ್ಲ.

ಅವಳ ಮೊಬೈಲಿನಲ್ಲಿ ಕ್ಯಾಮೆರಾ ಹಿಡಿದರೆ ಅಕ್ಷರ ಓದಿ ಹೇಳುವ ಆ್ಯಪ್ ಇತ್ತು. ಪೆನ್ ಡ್ರೈವಿಗೆ ಡೆಬಿಯನ್ ತುಂಬಿಸಿ ಸಿಕ್ಕಿಸಿ, ಮೊಬೈಲನ್ನು ಪರದೆಗೆ ಹಿಡಿದಳು. ಪಟ್ಟಿಯಲ್ಲಿ ಮೊದಲನೆಯದು ವಿಂಡೋಸ್, ಎರಡನೆಯದು ಪೆನ್ ಡ್ರೈವ್ ಎಂದು ಅದು ಓದಿತು. ಆದರೆ ಗುರುತು ಈಗ ಯಾವುದರ ಮೇಲಿದೆ ಎಂದು ಹೇಳಲು ಅದಕ್ಕೆ ಬರುತ್ತಿರಲಿಲ್ಲ. ಗುರುತು ಯಾವಾಗಲೂ ಮೊದಲನೆಯದರ ಮೇಲೇ ಶುರುವಾಗುತ್ತದೆ ಎಂದು ಇಟ್ಟುಕೊಂಡು, ಕೆಳಬಾಣ ಒಂದು ಸಲ, ಎಂಟರ್ ಒಂದು ಸಲ ಎಂದು ಲೆಕ್ಕ ಹಾಕಿದಳು. ಎಫ್ ಸಾಲಿನ ಕೀಲಿಗಳು ಅವಳ ಲ್ಯಾಪ್‌ಟಾಪಿನಲ್ಲಿ ಸಂದಿಲ್ಲದೆ ಒತ್ತೊತ್ತಾಗಿದ್ದವು, ಬೆರಳು ಪದೇಪದೇ ಪಕ್ಕದ್ದರ ಮೇಲೆ ಬೀಳುತ್ತಿತ್ತು. ಪಟ್ಟಾಭಿರಾಮ ಎಂ-ಸೀಲ್ ಅಂಟು ಕಲಸಿ, ಹನ್ನೆರಡನೆಯ ಕೀಲಿಯ ಮೇಲೆ ಸಾಸಿವೆಕಾಳಿನಷ್ಟು ಇಟ್ಟು, ಒಣಗಿದ ಮೇಲೆ ನುಣ್ಣಗೆ ಅರ ಹೊಡೆದು ಕೊಟ್ಟರು.

ಗಣೇಶ ಹಬ್ಬ ಕಳೆದು ಎರಡನೇ ಭಾನುವಾರ ಬೆಳಿಗ್ಗೆ ಎಂಟಕ್ಕೆ ಕೂತಳು. ಮೊದಲ ಸಲ ತಡವಾಗಿ ಒತ್ತಿದಳೋ ಏನೋ, ವಿಂಡೋಸ್ ಎದ್ದು ಎಂದಿನ ಸದ್ದು ಮಾಡಿತು. ಮುಚ್ಚಿದಳು. ಎರಡನೇ ಸಲವೂ ಅದೇ. ಮೂರನೇ ಸಲ ಏನೂ ಸದ್ದಿಲ್ಲ. ಎಸ್ ಒತ್ತಿ ಎಂಟರ್ ಒತ್ತಿದರೂ ಸದ್ದಿಲ್ಲ. ನಾಲ್ಕನೇ ಸಲ ಅವಳು ಪೆನ್ ಡ್ರೈವನ್ನು ಆರಿಸಿದ ಮೇಲೆ ಕೈ ಮಡಿಲಲ್ಲಿಟ್ಟುಕೊಂಡು ಲ್ಯಾಪ್‌ಟಾಪಿನ ಫ್ಯಾನಿಗೆ ಕಿವಿಗೊಟ್ಟಳು. ಆನ್ ಮಾಡಿದಾಗ ಜೋರಾಗಿ ತಿರುಗಿ ಇಳಿಯುತ್ತದೆ. ಪೆನ್ ಡ್ರೈವಿನಿಂದ ಏಳುವಾಗ ಎರಡನೇ ಸಲ ಸಣ್ಣಗೆ ಏರುತ್ತದೆ. ಆ ಎರಡನೇ ಏರಿಕೆ ಇಳಿಯುವವರೆಗೆ ಕಾಯಬೇಕು ಎಂದು ಅವಳಿಗೆ ತೋಚಿತು. ಐದನೇ ಸಲ ಹಾಗೆಯೇ ಕಾದು, ಎಸ್ ಒತ್ತಿ, ಎಂಟರ್ ಒತ್ತಿದಳು. ಹತ್ತು ಹನ್ನೆರಡು ಸೆಕೆಂಡು ಕಳೆಯಿತು. ಆಮೇಲೆ ಮೂಗಿನಲ್ಲಿ ಮಾತಾಡುವ ಒಂದು ಗಂಡು ಧ್ವನಿ ಇಂಗ್ಲಿಷಿನಲ್ಲಿ, ಭಾಷೆ ಆರಿಸಿಕೊಳ್ಳಿ ಎಂದಿತು.

ಕೋಣೆಯ ಬಾಗಿಲಲ್ಲಿ ನಿಂತಿದ್ದ ಪಟ್ಟಾಭಿರಾಮ ಅದೇನು ಹೇಳುತ್ತಿದೆ ಎಂದು ಕೇಳಿದರು. ಆ ವೇಗದ ಇಂಗ್ಲಿಷಿನಲ್ಲಿ ಅವರಿಗೆ ಒಂದು ಪದವೂ ಹಿಡಿಯಲಾಗಲಿಲ್ಲ. ಅವಳು ಅವರನ್ನು ಒಳಗೆ ಕರೆದು ಕೂರಿಸಿ, ಕೇಳಿದ್ದನ್ನೆಲ್ಲ ಕನ್ನಡದಲ್ಲಿ ಹೇಳುತ್ತ ಹೋದಳು. ಈ ಸಲ ಓದುವವಳು ಅವಳು, ಕೇಳುವವರು ಅವರು.

ಡಿಸ್ಕಿನ ವಿಷಯ ಬಂದಾಗ ಅವಳು ಕೀಲಿಗಳಿಂದ ಕೈ ತೆಗೆದಳು. ಆಯ್ಕೆಗಳಿಗೆ ನಂಬರುಗಳಿದ್ದವು, ಬೇಕಾದ ನಂಬರು ಟೈಪು ಮಾಡಬೇಕು, ಬಾಣದ ಕೆಲಸವೇ ಇರಲಿಲ್ಲ. ಡಿಸ್ಕ್ ಪೂರ್ತಿ ಬಳಸು ಎಂಬುದೂ ಅಲ್ಲಿತ್ತು, ಖಾಲಿ ಇರುವ ಜಾಗವನ್ನು ಮಾತ್ರ ಬಳಸು ಎಂಬುದೂ ಇತ್ತು. ಅವಳು ಪಟ್ಟಿಯನ್ನು ನಾಲ್ಕು ಸಲ ಕೇಳಿದಳು. ಖಾಲಿ ಜಾಗದ ನಂಬರು ಒತ್ತಿದಳು. ಕೊನೆಗೆ, ಐದು ಮತ್ತು ಆರನೇ ಪಾಲುಗಳನ್ನು ಹೊಸದಾಗಿ ಬರೆಯುತ್ತೇನೆ, ಒಪ್ಪಿಗೆಯೇ ಎಂದು ಅದು ಕೇಳಿತು. ವಿಂಡೋಸಿನವು ಒಂದರಿಂದ ನಾಲ್ಕು ಎಂದು ಅವಳು ಹಿಂದಿನ ದಿನವೇ ನೋಡಿ ಬರೆದುಕೊಂಡಿದ್ದಳು.

"ಐದು, ಆರು ಮಾತ್ರ ತಾನೆ?" ಎಂದರು ತಂದೆ.

"ಐದು, ಆರು ಮಾತ್ರ," ಎಂದು ಅವಳು ಇನ್ನೊಮ್ಮೆ ಕೇಳಿಸಿಕೊಂಡು ಹೇಳಿದಳು. ಆಮೇಲೆ ಎಂಟರ್ ಒತ್ತಿದಳು.

ಮಧ್ಯಾಹ್ನದ ಹೊತ್ತಿಗೆ ಲಿನಕ್ಸ್ ಎದ್ದು, ಸ್ಕ್ರೀನ್ ರೀಡರ್ ಆನ್ ಎಂದು ತಾನಾಗಿ ಹೇಳಿತು. ಕನ್ನಡ ಓದುವ ಧ್ವನಿಯೂ ಅದರಲ್ಲಿತ್ತು. ನೆಗಡಿಯಾದ ಮೇಷ್ಟರು ಪಾಠ ಓದಿದ ಹಾಗಿದ್ದರೂ ಒತ್ತಿದ ಕೀಲಿಗೆ ತಕ್ಷಣ ಉತ್ತರ ಬರುತ್ತಿತ್ತು. ಅವಳು ನಕ್ಕಳು. ಆದರೆ ಒಮ್ಮೆ ಮುಚ್ಚಿ ತೆರೆದು, ಮೆನುವಿಗೆ ಮೊಬೈಲ್ ಹಿಡಿದಾಗ ನಗು ನಿಂತಿತು. ಮೆನುವಿನಲ್ಲಿ ಲಿನಕ್ಸ್ ಹೆಸರಿತ್ತು, ವಿಂಡೋಸ್ ಹೆಸರಿರಲಿಲ್ಲ. ಮತ್ತೆ ಅಳಿಸಿಹೋಯಿತೇ? ಮರುದಿನ ಸೋಮವಾರ, ಒಂಬತ್ತಕ್ಕೆ ಕೆಲಸ ಶುರು. ಸಾವಕಾಶವಾಗಿ ಲಿನಕ್ಸ್ ಒಳಗಿನಿಂದಲೇ ಡಿಸ್ಕಿನ ನಾಲ್ಕನೇ ಪಾಲನ್ನು ತೆರೆದು, ಕಡತಗಳ ಹೆಸರುಗಳನ್ನು ಒಂದೊಂದಾಗಿ ಓದಿಸಿದಳು. ಎಲ್ಲ ಇದ್ದವು. ವಿಂಡೋಸ್ ತನ್ನ ಜಾಗದಲ್ಲೇ ಇತ್ತು, ಮೆನು ಮಾತ್ರ ಅದನ್ನು ಪಟ್ಟಿಗೆ ಸೇರಿಸಿಕೊಂಡಿರಲಿಲ್ಲ. ಅದೇ ಎಂ-ಸೀಲಿನ ಕೀಲಿ ಒತ್ತಿ, ಆ ಇನ್ನೊಂದು ಪಟ್ಟಿಯಿಂದ ವಿಂಡೋಸನ್ನು ಎಬ್ಬಿಸಿ ನೋಡಿ ಸಮಾಧಾನ ಮಾಡಿಕೊಂಡಳು.

ಇಷ್ಟಾದರೂ ವಿನಾಯಕ್ ಹೇಳಿದ ತೊಂದರೆ ಹಾಗೆಯೇ ಇತ್ತು. ಮೆನು ಐದು ಸೆಕೆಂಡು ಕಾದು, ತಾನೇ ಲಿನಕ್ಸ್ ಆರಿಸಿಕೊಂಡುಬಿಡುತ್ತಿತ್ತು. ಯಾವಾಗ ಬಂತು, ಯಾವಾಗ ಹೋಯಿತು ಎಂದು ಕೇಳಿಸುತ್ತಿರಲಿಲ್ಲ. ಅವಳು ಮೆನುವಿನ ಕೈಪಿಡಿಯನ್ನು ಇಳಿಸಿಕೊಂಡು ಮೊದಲಿಂದ ಓದಿಸತೊಡಗಿದಳು. ಇಂಗ್ಲಿಷಿನಲ್ಲಿ ನೂರಾರು ಪುಟ. ಬೆಳಿಗ್ಗೆ ಆಫೀಸಿಗೆ ಹೋಗುವಾಗ ಮೆಟ್ರೊದಲ್ಲಿ, ಸಂಜೆ ಬರುವಾಗ, ತರಕಾರಿ ಹೆಚ್ಚುವಾಗ, ಒಂದು ಕಿವಿಯಲ್ಲಿ ಅದೇ. ಒಂಬತ್ತನೇ ದಿನ ಎರಡು ಸಂಗತಿಗಳು ಸಿಕ್ಕವು. ಮೆನುವನ್ನು ಐದು ಸೆಕೆಂಡಿನ ಬದಲು ಎಷ್ಟು ಹೊತ್ತು ಬೇಕಾದರೂ ಕಾಯುವಂತೆ ಮಾಡಬಹುದು. ಮತ್ತು ಪ್ರತಿ ಸಿಸ್ಟಮ್ಮಿಗೆ ಒಂದು ಅಕ್ಷರ ಗೊತ್ತುಮಾಡಬಹುದು. ಬಾಣ ಬೇಡ, ಗುರುತು ಬೇಡ, ಆ ಅಕ್ಷರ ಒತ್ತಿದರೆ ನೇರ ಅದೇ ಏಳುತ್ತದೆ. ಅವಳು ವಿಂಡೋಸಿಗೆ ಡಬ್ಲ್ಯೂ, ಲಿನಕ್ಸಿಗೆ ಎಲ್ ಎಂದು ಇಟ್ಟುಕೊಂಡಳು.

ಅದನ್ನು ಬರೆಯಬೇಕಾದದ್ದು ಏಳೆಂಟು ಸಾಲಿನ ಒಂದು ಸಣ್ಣ ಕಡತದಲ್ಲಿ. ಬರೆದಳು, ಕೆಲಸ ಮಾಡಲಿಲ್ಲ. ಅಳಿಸಿ ಮತ್ತೆ ಬರೆದಳು. ಮತ್ತೆ ಇಲ್ಲ. ಮೂರು ಸಂಜೆ ಹೀಗೆಯೇ ಹೋಯಿತು. ನಾಲ್ಕನೇ ದಿನ ಹೊಳೆಯಿತು: ಓದುವ ಧ್ವನಿ ಪದಗಳನ್ನಷ್ಟೇ ಹೇಳುತ್ತಿದೆ, ಆವರಣ ಚಿಹ್ನೆಗಳನ್ನು ನುಂಗುತ್ತಿದೆ. ಎಲ್ಲ ಚಿಹ್ನೆಗಳನ್ನೂ ಹೇಳು ಎಂದು ಬದಲಾಯಿಸಿ, ಅಕ್ಷರ ಅಕ್ಷರವಾಗಿ ಕೇಳಿದಳು. ಕೊನೆಯ ಸಾಲಿನಲ್ಲಿ ಮುಚ್ಚುವ ಆವರಣವೇ ಇರಲಿಲ್ಲ. ಹಾಕಿದಳು. ಲ್ಯಾಪ್‌ಟಾಪ್ ಮುಚ್ಚಿ ಆನ್ ಮಾಡಿ, ನಿಧಾನವಾಗಿ ಅರವತ್ತು ಎಣಿಸಿ, ಡಬ್ಲ್ಯೂ ಒತ್ತಿದಳು. ವಿಂಡೋಸ್ ಎದ್ದಿತು. ಮತ್ತೆ ಮುಚ್ಚಿ, ಆನ್ ಮಾಡಿ, ಎಲ್ ಒತ್ತಿದಳು. ನೆಗಡಿಯ ಮೇಷ್ಟರು ಮಾತಾಡಿದರು. ಹೀಗೆ ಹತ್ತು ಸಲ ಮಾಡಿದಳು. ಹತ್ತು ಸಲವೂ ಸರಿಬಂತು.

ಸಂಗಮೇಶ್ ಅವರಿಗೆ ಫೋನ್ ಮಾಡಿ ಹೇಳಿದಳು. "ಇದು ನನಗೂ ಗೊತ್ತಿದ್ದಿಲ್ರೀ," ಎಂದರು. "ಹತ್ತು ವರ್ಷದಿಂದ ನಾ ಬಾಣಾನ ಎಣಿಸ್ಕೋತ ಕುಂತೀನಿ. ಬರದು ಕಳಸ್ರಿ ನಂಗ." ಅವಳು ಕನ್ನಡದಲ್ಲೇ ಎರಡು ಪುಟ ಬರೆದು ಆ ಗುಂಪಿಗೆಲ್ಲ ಕಳಿಸಿದಳು.

ಪರೀಕ್ಷೆಗೆ ಉಳಿದದ್ದು ಐದು ವಾರ. ಬೆಳಿಗ್ಗೆ ಐದರಿಂದ ಎಂಟರವರೆಗೆ ಎಲ್, ಒಂಬತ್ತರಿಂದ ಆರರವರೆಗೆ ಡಬ್ಲ್ಯೂ. ಆಜ್ಞೆಗಳನ್ನು ಟೈಪು ಮಾಡಿ ಕೆಲಸ ಮಾಡಿಸುವ ಲಿನಕ್ಸ್‌ನ ರೀತಿ ಅವಳಿಗೆ ಹಿಡಿಸಿತು. ಚಿತ್ರಗಳಿಲ್ಲ, ಮೌಸನ್ನು ಎಲ್ಲೆಲ್ಲೋ ಎಳೆಯಬೇಕಿಲ್ಲ. ಹೇಳಿದರೆ ಮಾಡುತ್ತದೆ, ತಪ್ಪು ಹೇಳಿದರೆ ತಪ್ಪು ಎನ್ನುತ್ತದೆ.

ಪರೀಕ್ಷೆಯ ದಿನ ಟೆಸ್ಟಿಂಗ್ ವಿಭಾಗದ ಮುಖ್ಯಸ್ಥೆ ಕಾವ್ಯಾ, ಎಲ್ಲರಿಗೂ ಒಂದೇ ಬಗೆಯ ಕಂಪ್ಯೂಟರುಗಳನ್ನು ಇಟ್ಟಿದ್ದಳು. ಅವುಗಳಲ್ಲಿ ಮಾತಾಡುವ ತಂತ್ರಾಂಶ ಇರಲಿಲ್ಲ. ಪ್ರಶ್ನೆಗಳನ್ನು ಓದಿ ಹೇಳಲು ಒಬ್ಬರನ್ನು ಕೊಡುತ್ತೇವೆ ಎಂದಳು ಕಾವ್ಯಾ. ಮಹಾಲಕ್ಷ್ಮಿ ಅದು ಬೇಡವೆಂದು, ತನ್ನ ಲ್ಯಾಪ್‌ಟಾಪ್ ತಂದಿದ್ದೇನೆ, ಪ್ರಶ್ನೆಗಳನ್ನೂ ಅದಕ್ಕೇ ಹಾಕಿ, ಅದರಲ್ಲೇ ಬರೆಯಲು ಬಿಡಿ ಎಂದು ಕೇಳಿದಳು. ಕಾವ್ಯಾ ಯೋಚಿಸಿದಳು. ಅದರಲ್ಲಿ ಮೊದಲೇ ಉತ್ತರ ತೆರೆದಿಟ್ಟಿಲ್ಲ ಎಂದು ಗೊತ್ತಾಗಬೇಕಲ್ಲ, ಪೂರ್ತಿ ಆಫ್ ಮಾಡಿ ನನ್ನ ಮುಂದೆಯೇ ಆನ್ ಮಾಡಿ ಎಂದಳು. ಮಹಾಲಕ್ಷ್ಮಿ ಆಫ್ ಮಾಡಿದಳು, ಆನ್ ಮಾಡಿದಳು.

"ಮೆನು ಬಂದಿದೆ, ನಾನು ಆರಿಸ್ಲಾ?" ಎಂದಳು ಕಾವ್ಯಾ.

"ಬೇಡ ಮೇಡಂ, ಆಯ್ತು," ಎಂದು ಮಹಾಲಕ್ಷ್ಮಿ ಎಲ್ ಒತ್ತಿದಳು.

ಮೂರು ಗಂಟೆಯ ಪರೀಕ್ಷೆಯಲ್ಲಿ ಒಂದು ಪ್ರಶ್ನೆಯನ್ನು ಅವಳು ಪೂರ್ತಿ ಬಿಡಬೇಕಾಯಿತು. ಚಿತ್ರ ನೋಡಿ ಉತ್ತರಿಸುವಂಥದ್ದು. ಉಳಿದದ್ದೆಲ್ಲ ಮಾಡಿದಳು. ಹದಿನಾಲ್ಕು ಜನರಲ್ಲಿ ಮೂರನೆಯವಳಾದಳು. ಹುದ್ದೆ ಇದ್ದದ್ದು ಎರಡು.

ಅವಳಿಗೆ ಬೇಜಾರಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಎರಡು ದಿನ ಯಾರ ಫೋನೂ ಎತ್ತಲಿಲ್ಲ. ಮೂರನೇ ದಿನ ಕಾವ್ಯಾಗೆ ಒಂದು ಪತ್ರ ಬರೆದಳು. ಚಿತ್ರದ ಪ್ರಶ್ನೆಗೆ ಅಂಕ ಕೊಡಿ ಎಂದು ಕೇಳಲಿಲ್ಲ. ಕಣ್ಣು ಕಾಣದವರು ತಂತ್ರಾಂಶ ಬಳಸಬಲ್ಲರೇ ಎಂದು ನೋಡುವ ಕೆಲಸಕ್ಕೆ ಇಟ್ಟ ಪರೀಕ್ಷೆಯನ್ನು, ಕಣ್ಣು ಕಾಣದವರು ಬರೆಯಬಲ್ಲರೇ ಎಂದು ಯಾರೂ ನೋಡಿರಲಿಲ್ಲ ಎಂದು ಬರೆದು, ಎಲ್ಲೆಲ್ಲಿ ತೊಡಕಾಯಿತು, ಅದನ್ನು ಹೇಗೆ ಸರಿಮಾಡಬಹುದು ಎಂದು ಆರು ಪುಟದ ವರದಿ ಲಗತ್ತಿಸಿದಳು. ಕಾವ್ಯಾ ಒಂದು ವಾರ ಉತ್ತರಿಸಲಿಲ್ಲ. ಆಮೇಲೆ ಕರೆಸಿ, ಇಂಥ ವರದಿ ತನ್ನ ವಿಭಾಗದಲ್ಲಿ ಇನ್ನೂ ಯಾರೂ ಬರೆದಿಲ್ಲ ಎಂದಳು. ಅವಳಿಗಾಗಿ ಕಾವ್ಯಾ ಕೇಳಿದ ಮೂರನೇ ಹುದ್ದೆಗೆ ಮೇಲಿನವರ ಒಪ್ಪಿಗೆ ಬರಲು ಜನವರಿಯಾಯಿತು. ಅಲ್ಲಿಯವರೆಗೆ ಮಹಾಲಕ್ಷ್ಮಿ ದೂರಿನ ಕರೆಗಳನ್ನು ಟೈಪು ಮಾಡುತ್ತಲೇ ಇದ್ದಳು.

ಈಗ ಅವಳು ಟೆಸ್ಟಿಂಗ್ ವಿಭಾಗದಲ್ಲಿದ್ದಾಳೆ. ಮೊದಲ ತಿಂಗಳು ಅವಳು ಹಿಡಿದ ತಪ್ಪುಗಳ ಪಟ್ಟಿಯನ್ನು ನೋಡಿ ತಂತ್ರಾಂಶ ಬರೆಯುವವರು ಗೊಣಗಿದರು. ಒಬ್ಬನಂತೂ, ಇಷ್ಟು ಸಣ್ಣ ವಿಷಯಕ್ಕೆ ಬಿಡುಗಡೆ ನಿಲ್ಲಿಸಬೇಕೇ ಎಂದು ಅವಳ ಮೇಜಿಗೇ ಬಂದ. ಅವಳು ಅವನಿಗೆ ಕುರ್ಚಿ ತೋರಿಸಿ, ಹೆಡ್‌ಫೋನ್ ಕೊಟ್ಟು, ಪರದೆಯನ್ನು ಕತ್ತಲು ಮಾಡಿ, ಅವನೇ ಬರೆದ ಪುಟದಲ್ಲಿ ಹಣ ಕಟ್ಟುವ ಗುಂಡಿಯನ್ನು ಹುಡುಕಲು ಹೇಳಿದಳು. ಅವನು ಹತ್ತು ನಿಮಿಷ ಹುಡುಕಿದ. ಸಿಗಲಿಲ್ಲ. ಹೆಡ್‌ಫೋನನ್ನು ಮೇಜಿನ ಮೇಲಿಟ್ಟು ಎದ್ದುಹೋದ. ಮರುದಿನ ಮಧ್ಯಾಹ್ನ ಪುಟವನ್ನು ಸರಿಮಾಡಿ ಕಳಿಸಿದ. ಅವಳು ಅದನ್ನು ಎರಡು ಸಲ ಪರೀಕ್ಷಿಸಿ, ಸರಿಯಾಗಿದೆ ಎಂದು ಬರೆದು, ಮುಂದಿನದನ್ನು ತೆರೆದಳು.